ಬುದ್ಧಿ ನೆಟ್ಟಗಿದೆಯೆಂಬುದಕ್ಕೆ

ಚುನಾವಣಾಧಿಕಾರಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಾಗಿನಿಂದ ಅವಳು ಎದುರು ಗೋಡೆಗೆ ಅಂಟಿಸಿದ್ದ ಪ್ರಕಟಣೆಯನ್ನೇ ಓದುತ್ತಿದ್ದಳು. ಶಾಸನಸಭೆಗೆ ಸ್ಪರ್ಧಿಸುವವರ ಅರ್ಹತೆಗಳು ಎಂದು ಮೇಲೆ ದಪ್ಪ ಅಕ್ಷರ. ದೇಶದ ಪ್ರಜೆಯಾಗಿರಬೇಕು, ಇಪ್ಪತ್ತೈದು ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಸರ್ಕಾರಿ ನೌಕರಿಯಲ್ಲಿರಬಾರದು, ದಿವಾಳಿಯಾಗಿರಬಾರದು, ಜೈಲುಶಿಕ್ಷೆಗೆ ಗುರಿಯಾಗಿರಬಾರದು. ಕಡೆಯದು, ಸ್ವಸ್ಥಚಿತ್ತರಲ್ಲವೆಂದು ನ್ಯಾಯಾಲಯದಿಂದ ಘೋಷಿತರಾಗಿರಬಾರದು. ಇಷ್ಟೇ. ಮೊದಲ ಸಲ ಇದನ್ನು ಓದಿದ ದಿನ ಅವಳು ತನ್ನ ಕನ್ನಡಕದ ಅಂಗಡಿಯಲ್ಲಿ ಒಬ್ಬಳೇ ನಕ್ಕಿದ್ದಳು. ಮದುವೆಗೆ ಮುಂಚೆ ಅತ್ತೆಯಾಗುವವಳು ಇದಕ್ಕಿಂತ ಹೆಚ್ಚು ಕೇಳಿದ್ದಳು. ಗಂಡ ತೀರಿಕೊಂಡ ಮೇಲೆ ಬಾಡಿಗೆಗೆ ಮನೆ ಹುಡುಕಿದಾಗ ಮನೆಯವರು ಅವಳ ನೆಂಟರಿಷ್ಟರು ಎಷ್ಟು ಜೋರಾಗಿ ಮಾತಾಡುತ್ತಾರೆ, ಗೋಡೆಗೆ ಮೊಳೆ ಹೊಡೆಯುವ ಅಭ್ಯಾಸವುಂಟೆ ಎಂದೆಲ್ಲ ವಿಚಾರಿಸಿದ್ದರು. ರಾಜ್ಯ ಆಳುವವರನ್ನು ಇಷ್ಟು ಕಡಿಮೆ ಕೇಳುತ್ತಾರೆಂದು ಗೊತ್ತಿದ್ದರೆ ಎಂದೋ ನಿಲ್ಲುತ್ತಿದ್ದೆ ಎಂದು ಗಿರಾಕಿಗಳ ಹತ್ತಿರ ತಮಾಷೆ ಮಾಡಿದ್ದಳು. ಈಗ ಆ ಕಡೆಯ ಸಾಲು ಅವಳನ್ನೇ ದಿಟ್ಟಿಸುತ್ತಿತ್ತು. ಓದುತ್ತ ಓದುತ್ತ ಅವಳಿಗೆ ತಾನು ಒಳಗೊಳಗೇ ಇವತ್ತಿನ ತಾರೀಖು, ವಾರ, ತಿಂಗಳು ಹೇಳಿಕೊಳ್ಳುತ್ತಿರುವುದು ಗಮನಕ್ಕೆ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಪ್ರತಿ ಬೆಳಗ್ಗೆ ಅದನ್ನೇ ಕೇಳುತ್ತಿದ್ದರು. ಅಲ್ಲಿಂದ ಬಂದು ಇಷ್ಟು ವರ್ಷವಾದರೂ ಅವಳು ಬೆಳಗ್ಗೆ ಕಣ್ಣು ಬಿಡುವ ಮೊದಲು, ದಿಂಬಿನ ಮೇಲೆ ತಲೆಯಿಟ್ಟುಕೊಂಡೇ, ಯಾರೋ ಕೇಳಿಯೇಬಿಡುತ್ತಾರೆನ್ನುವಂತೆ, ತಾರೀಖು ಹೇಳಿಕೊಳ್ಳುತ್ತಿದ್ದಳು.

ಪಕ್ಕದಲ್ಲಿ ಮಗಳು ಕೂತಿದ್ದಳು. ತೊಡೆಯ ಮೇಲೆ ಒಂದು ಕಂದು ಲಕೋಟೆ, ಅದರ ಮೇಲೆ ಎರಡೂ ಅಂಗೈ. ಶಾಸನಸಭೆಯ ಹಾಲಿ ಸದಸ್ಯನ ಕಡೆಯವರು ನಿನ್ನೆ ಸಂಜೆ ಆಕ್ಷೇಪಣೆ ಸಲ್ಲಿಸಿದ್ದರು: ಈ ಅಭ್ಯರ್ಥಿ ಹಿಂದೆ ಮಾನಸಿಕ ಚಿಕಿತ್ಸಾಲಯದಲ್ಲಿದ್ದವರು, ಇವರ ಬುದ್ಧಿ ಸ್ಥಿಮಿತದಲ್ಲಿಲ್ಲ, ನಾಮಪತ್ರ ತಿರಸ್ಕರಿಸಬೇಕು. ಸುದ್ದಿ ಕೇಳಿದ ಮಗಳು ಗುರುತಿನ ಡಾಕ್ಟರೊಬ್ಬರ ಮನೆಗೆ ಓಡಿ, ಊಟಕ್ಕೆ ಕೂತಿದ್ದವರನ್ನು ಎಬ್ಬಿಸಿ, ಅಮ್ಮನ ಆರೋಗ್ಯ ಸರಿಯಾಗಿದೆಯೆಂದು ಬರೆಸಿಕೊಂಡು ಬಂದಿದ್ದಳು.

"ತಾಳ್ಮೆ ಕಳ್ಕೋಬೇಡಮ್ಮ. ಒಳಗೆ ಹೋಗ್ತಿದ್ದ ಹಾಗೇ ಇದನ್ನ ಮೇಜಿನ ಮೇಲಿಡು. ಎರಡು ನಿಮಿಷದ ಕೆಲಸ."

"ನಾನು ತಾಳ್ಮೆ ಕಳ್ಕೊಂಡಿದ್ದೀನಾ?"

"ಇಲ್ಲ. ಅದಕ್ಕೇ ನನಗೆ ಭಯ."

ಮಗಳ ಕಿವಿಯ ಹಿಂದಿನ ನರ ಎದ್ದು ಕಾಣುತ್ತಿತ್ತು. ಚಿಕ್ಕಂದಿನಲ್ಲೂ ಹಾಗೇ, ಅಳು ನುಂಗಿಕೊಂಡಾಗ ಆ ನರ ಎದ್ದುನಿಲ್ಲುತ್ತಿತ್ತು. ಶಾಲೆಯಲ್ಲಿ ಇವಳನ್ನು ಏನೆಂದು ಕರೆಯುತ್ತಿದ್ದರೆಂದು ಅವಳು ಎಂದೂ ಕೇಳಿರಲಿಲ್ಲ, ಮಗಳು ಎಂದೂ ಹೇಳಿರಲಿಲ್ಲ; ಕೇಳದ ಹೇಳದ ಆ ಮಾತೊಂದು ಇಬ್ಬರ ನಡುವೆ ಮೂರನೆಯವರ ಹಾಗೆ ಬೆಂಚಿನ ಮೇಲೆ ಕೂತಿತ್ತು. ಆಸ್ಪತ್ರೆಗೆ ಸೇರುವ ಮುಂಚಿನ ಆ ಮಳೆಗಾಲ ಅವಳಿಗೆ ಮುಚ್ಚಿದ ಬಾಗಿಲನ್ನು ನೋಡಲಾಗುತ್ತಿರಲಿಲ್ಲ. ಮುಚ್ಚಿದ ಬಾಗಿಲ ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆನ್ನಿಸುತ್ತಿತ್ತು, ತೆರೆದರೆ ಅವರು ಇನ್ನೊಂದು ಬಾಗಿಲ ಆಚೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಕನ್ನಡಕದ ಸಣ್ಣ ಸ್ಕ್ರೂ ತಿರುಗಿಸುವ ಅದೇ ಕೈಯಲ್ಲಿ ದೊಡ್ಡ ಸ್ಕ್ರೂಡ್ರೈವರು ಹಿಡಿದು ಮನೆಯ ಚಿಲಕಗಳನ್ನೆಲ್ಲ ಬಿಚ್ಚಿ, ಬಕೆಟ್ಟಿನಲ್ಲಿ ನೀರು ತುಂಬಿ ಅದರೊಳಗೆ ಹಾಕಿದಳು. ಎಂಥ ಹಗುರ ಆವತ್ತು! ಅದನ್ನು ಮಾತ್ರ ಅವಳು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಸಂಜೆ ಶಾಲೆಯಿಂದ ಬಂದ ಮಗಳು ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಕಾಲು ಒತ್ತಿಹಿಡಿದು ಮೈ ತೊಳೆದುಕೊಂಡಿದ್ದಳು. ನೀರಿನ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಒಂಟಿಕಾಲಿನಲ್ಲಿ ನಿಂತ ಆ ಮಗುವನ್ನು ಅವಳು ನೋಡಿರಲಿಲ್ಲ, ಆದರೆ ಈಗಲೂ ಎಲ್ಲಾದರೂ ನೀರು ಬಿಟ್ಟು ಬಿಟ್ಟು ಬಿದ್ದರೆ ಅವಳಿಗೆ ಆ ಕಾಲು ಕಾಣುತ್ತಿತ್ತು.

ಕಾರಿಡಾರಿನ ಕೊನೆಯಲ್ಲಿ ಅಣ್ಣ ಕಾಣಿಸಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೂದಲು ನೀರು ಹಚ್ಚಿ ಬಾಚಿದ್ದ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವನು ಇಷ್ಟು ಶಿಸ್ತಾಗಿ ಹೊರಟಿದ್ದನ್ನು ಅವಳು ನೋಡಿರಲಿಲ್ಲ. ಅವಳ ಎದೆ ತುಂಬಿ ಬಂತು. ಚುನಾವಣೆ ಬೇಡ ಬೇಡ ಎಂದು ಗೊಣಗಿದವನು ಕಡೆಗೂ ಬಂದನಲ್ಲ! ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮಗಳನ್ನು ಆಚೆ ಸರಿಸಿ, ಬೆಂಚಿನ ಮೇಲೆ ಅವನಿಗೆ ಜಾಗ ಮಾಡಿದಳು. ಅಣ್ಣ ಹತ್ತಿರ ಬಂದ, ಜಾಗ ನೋಡಿದ, ಅವಳನ್ನು ನೋಡಲಿಲ್ಲ. ಹಾಗೇ ಮುಂದೆ ಹೋಗಿ ಕಾರಿಡಾರಿನ ಆ ತುದಿಯಲ್ಲಿ ಹಾಲಿ ಸದಸ್ಯನ ವಕೀಲನ ಪಕ್ಕ ನಿಂತ. ಬೆಂಚಿನ ಖಾಲಿ ಜಾಗದ ಮೇಲೆ ಅವಳ ಅಂಗೈ ಇನ್ನೂ ಇತ್ತು. ಅದನ್ನು ತೆಗೆಯುವುದು ಹೇಗೆಂದು ಅವಳಿಗೆ ತೋಚಲಿಲ್ಲ. ತೆಗೆದರೆ, ಇಟ್ಟಿದ್ದೆನೆಂದು ಒಪ್ಪಿಕೊಂಡ ಹಾಗೆ. ಕಡೆಗೆ ಧೂಳು ಕೊಡವುವವಳಂತೆ ಬೆಂಚನ್ನು ಎರಡು ಸಲ ತಟ್ಟಿ ಕೈ ಎತ್ತಿಕೊಂಡಳು.

ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಉದ್ದ ಮೇಜಿನ ಒಂದು ತುದಿಗೆ ಚುನಾವಣಾಧಿಕಾರಿ. ಮೃದು ಮೋರೆಯ, ಯಾರಿಗೂ ಬೇಸರವಾಗಬಾರದೆಂದು ಜೀವಮಾನವಿಡೀ ಜಾಗ್ರತೆ ವಹಿಸಿ ಬೆನ್ನು ಬಗ್ಗಿದಂಥ ಮನುಷ್ಯ. ಎರಡೂ ಬದಿಗೆ ಬೇರೆ ಅಭ್ಯರ್ಥಿಗಳು, ಅವರವರ ವಕೀಲರು. ಎದುರಿಗೇ ಹಾಲಿ ಸದಸ್ಯ. ಅವನು ಅವಳ ಅಂಗಡಿಗೆ ಬಂದಿದ್ದುಂಟು. ಹಿಂದಿನ ಕತ್ತಲೆ ಕೋಣೆಯಲ್ಲಿ ಕೂರಿಸಿ ಕಣ್ಣಿಗೆ ಗಾಜು ಬದಲಿಸುತ್ತ ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳಿದರೆ, ಎರಡೂ ಸ್ಪಷ್ಟ, ಎರಡೂ ಸ್ಪಷ್ಟ ಎನ್ನುತ್ತಿದ್ದ. ಒಂದನ್ನು ಆರಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತದೇನೋ ಎನ್ನುವ ಹಾಗೆ. ಬಸ್ ನಿಲ್ದಾಣದ ಹಿಂದಿನ ಬೀದಿಗಳನ್ನು ಅಗಲ ಮಾಡುವ ಸಭೆಯಲ್ಲಿ, ಮನೆ ಕಳಕೊಂಡವರು ಎಲ್ಲಿಗೆ ಹೋಗಬೇಕು ಎಂದು ಅವಳು ಎದ್ದು ಕೇಳಿದಾಗ ಇವನೇ, "ಕೂತ್ಕೊಳ್ಳಿ ತಾಯಿ, ಕೂತ್ಕೊಳ್ಳಿ" ಎಂದಿದ್ದ. ಅವಳು ಕೂರಲಿಲ್ಲ. ಸಭೆ ಮುಗಿದು ಕುರ್ಚಿ ಎತ್ತುವವರೆಗೂ ನಿಂತೇ ಇದ್ದಳು. ಆವತ್ತು ನಿಂತವಳು ಚುನಾವಣೆಗೂ ನಿಂತೇಬಿಟ್ಟಳು ಎಂದು ಬೀದಿಯವರು ಆಡಿಕೊಂಡು ನಗುತ್ತಿದ್ದರು. ನಕ್ಕವರೇ ಅವಳ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದರು.

ಎದುರು ವಕೀಲ ಅಣ್ಣನನ್ನು ಮುಂದೆ ಕರೆದ. ಅಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತ.

"ನೀವು ಈ ಅಭ್ಯರ್ಥಿಯ ಸ್ವಂತ ಅಣ್ಣ?"

"ಹೌದು."

"ಇವರನ್ನ ಆಸ್ಪತ್ರೆಗೆ ಸೇರಿಸಿದವರು ನೀವೇ?"

"ಹೌದು."

"ಅದಕ್ಕೆ ಮುಂಚೆ ಇವರು ಮನೇಲಿ ಮಾಡಿದ್ದೇನು, ಸ್ವಲ್ಪ ಹೇಳಿ."

ಅಣ್ಣ ಹೇಳಿದ. ಬ್ಯಾಂಕಿನಲ್ಲಿ ಗಿರಾಕಿಗೆ ನಿಯಮ ವಿವರಿಸುವ ಅದೇ ಸಮದನಿಯಲ್ಲಿ, ಒಂದೂ ಮಾತು ಹೆಚ್ಚಿಸದೆ. ತಲೆಬಾಗಿಲು, ಅಡುಗೆಮನೆ, ಮಲಗುವ ಕೋಣೆ, ಬಚ್ಚಲುಮನೆ. ಬಚ್ಚಲುಮನೆ ಎಂದಾಗ ಮೇಜಿನ ಆ ಕಡೆ ಯಾರೋ ಮೂಗಿನಲ್ಲಿ ನಕ್ಕರು. ಮಗಳ ಮೊಣಕಾಲು ಮೇಜಿನ ಕೆಳಗೆ ಅವಳ ಮೊಣಕಾಲಿಗೆ ಒತ್ತಿಕೊಂಡಿತು. ತಾನು ಈಗ ಕುಗ್ಗಬೇಕು ಎಂದು ಅವಳು ಕಾದಳು. ಕಿವಿ ಬಿಸಿಯಾಗಬೇಕು, ಕಣ್ಣು ಮೇಜಿಗೆ ಇಳಿಯಬೇಕು. ಇಷ್ಟು ವರ್ಷ ಅವಳು ಹೆದರಿಕೊಂಡು ಬಂದದ್ದು ಇದಕ್ಕೇ ಅಲ್ಲವೆ, ತುಂಬಿದ ಕೋಣೆಯೊಂದರಲ್ಲಿ ಯಾರೋ ಇದನ್ನು ಜೋರಾಗಿ ಹೇಳಿಬಿಡುತ್ತಾರೆನ್ನುವುದಕ್ಕೆ? ಹೇಳಿಯಾಯಿತು. ಫ್ಯಾನು ತಿರುಗುತ್ತಿತ್ತು. ಹಾಲಿ ಸದಸ್ಯ ಉಗುರು ನೋಡಿಕೊಳ್ಳುತ್ತಿದ್ದ. ಏನೂ ಆಗಲಿಲ್ಲ.

"ಬೀರೂದು ಬಿಟ್ಟ ನೋಡಿ ನಮ್ಮಣ್ಣ" ಎಂದಳು. "ಅದನ್ನೂ ಬಿಚ್ಚಿದ್ದೆ."

ಈ ಸಲ ನಕ್ಕವರು ಬೇರೆಯವರು. ಅವಳ ವಕೀಲ ತೋಳು ಜಗ್ಗಿ ಸುಮ್ಮನಿರಲು ಸನ್ನೆ ಮಾಡಿದ. ಅವಳ ಅಂಗಡಿಯ ಮೇಲಿನ ಮಹಡಿಯಲ್ಲಿ ಬಾಡಿಗೆ ಕರಾರು ಬರೆದುಕೊಂಡಿದ್ದ ಅವನಿಗೆ ಇದು ಮೊದಲ ಚುನಾವಣಾ ತಕರಾರು. ಹಣೆ ಒರೆಸಿಕೊಂಡು ಎದ್ದು ನಿಂತ.

"ತಾವು ತಂಗಿ ವಿಷಯವಾಗಿ ನ್ಯಾಯಾಲಯಕ್ಕೆ ಹೋಗಿದ್ರಾ?"

"ಇಲ್ಲ."

"ಯಾರಾದ್ರೂ ನ್ಯಾಯಾಧೀಶರು ಇವರ ಬುದ್ಧಿ ಸರಿ ಇಲ್ಲ ಅಂತ ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ತೀರ್ಮಾನ ಮಾಡಿದ್ದು ಯಾರು?"

ಅಣ್ಣ ಮೊದಲ ಬಾರಿಗೆ ಅವಳತ್ತ ತಿರುಗಿದ. ಕಣ್ಣ ಕೆಳಗೆ ಚರ್ಮ ಜೋತುಬಿದ್ದು ಅವನ ಮೋರೆ ಸತ್ತ ಅಪ್ಪನ ಮೋರೆಯಾಗುತ್ತಿತ್ತು.

"ನಾನೇ" ಎಂದ.

ಆವತ್ತು ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವನು ಅವಳ ಮಣಿಕಟ್ಟು ಹಿಡಿದಿದ್ದ. ಓಡಿಹೋಗದಿರಲೆಂದು ಹಿಡಿದನೋ, ಬಿದ್ದುಹೋಗದಿರಲೆಂದು ಹಿಡಿದನೋ. ಅವನ ಹೆಬ್ಬೆರಳು ಅವಳ ನಾಡಿಯ ಮೇಲಿತ್ತು, ಅವನು ಅಳುತ್ತಿದ್ದ. ಅವನು ಹಿಡಿಯದಿದ್ದರೆ ಅವಳು ಇವತ್ತು ಬದುಕಿರುತ್ತಿರಲಿಲ್ಲ. ಹಿಡಿದವನು ಇನ್ನೂ ಬಿಟ್ಟಿರಲಿಲ್ಲ. ಎರಡೂ ನಿಜ. ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಯಾರಾದರೂ ಕೇಳಿದರೆ ಅವಳೂ ಹಾಲಿ ಸದಸ್ಯನ ಹಾಗೇ ಉತ್ತರ ಕೊಡಬೇಕಾಗುತ್ತಿತ್ತು. ಈ ಯೋಚನೆ ಬಂದು ಅವಳ ತುಟಿ ಅರಳಿತು. ಎದುರು ವಕೀಲ ಅದನ್ನು ಹಿಡಿದುಕೊಂಡ.

"ನೋಡಿ ಸಾರ್, ನಗ್ತಿದ್ದಾರೆ. ಮೇಡಂ, ಒಂದು ಸಣ್ಣ ಪ್ರಶ್ನೆ. ತಪ್ಪು ತಿಳ್ಕೋಬೇಡಿ. ಇವತ್ತು ತಾರೀಖು ಎಷ್ಟು ಅಂತ ಹೇಳ್ತೀರಾ?"

ನಾಲಗೆಯ ತುದಿಯಲ್ಲೇ ಇತ್ತು. ತಾರೀಖು, ವಾರ, ತಿಂಗಳು. ಬೆಳಗ್ಗೆಯಿಂದ ಎಷ್ಟು ಸಲ ಹೇಳಿಕೊಂಡು ನುಣುಪಾಗಿತ್ತೆಂದರೆ ಬಾಯಿ ತೆರೆದರೆ ತಾನಾಗಿ ಜಾರಿ ಬೀಳುತ್ತಿತ್ತು. ಅವಳ ವಕೀಲ ಪಿಸುಗುಟ್ಟಿದ: "ಹೇಳಿಬಿಡಿ, ಹೇಳಿಬಿಡಿ." ಆಸ್ಪತ್ರೆಯಲ್ಲಿ ಒಮ್ಮೆ ಅವಳು ಸರಿಯಾದ ತಾರೀಖು ಹೇಳಿದಾಗ ಡಾಕ್ಟರು ಕೆನ್ನೆ ತಟ್ಟಿ ಜಾಣೆ ಎಂದಿದ್ದರು. ಎರಡು ಹೆತ್ತು ಒಂದನ್ನು ಮಣ್ಣಿಗೆ ಕೊಟ್ಟ ಹೆಂಗಸು ಜಾಣೆಯೆಂಬ ಆ ಮಾತಿಗೆ ಹಿಗ್ಗಿ, ಮಾರನೆಯ ದಿನ ಕೇಳುವ ಮೊದಲೇ ಹೇಳಿದ್ದಳು. ಆ ಹಿಗ್ಗು ನೆನಪಾದಾಗೆಲ್ಲ ಮೈ ಮೇಲೆ ಹುಳ ಹರಿದಂತಾಗುತ್ತಿತ್ತು. ಚಿಲಕ ಬಿಚ್ಚಿದ್ದಕ್ಕೆ ಅವಳಿಗೆ ಅಷ್ಟು ನಾಚಿಕೆಯಿರಲಿಲ್ಲ, ಕೆನ್ನೆ ಒಡ್ಡಿದ್ದಕ್ಕಿತ್ತು.

"ಹೇಳೋದಿಲ್ಲ" ಎಂದಳು.

"ಗೊತ್ತಿಲ್ಲವಾ?"

"ಗೊತ್ತಿದೆ. ಹೇಳೋದಿಲ್ಲ."

ಚುನಾವಣಾಧಿಕಾರಿ ಕೆಮ್ಮಿದ. "ಮೇಡಂ, ಹಟ ಬೇಡ. ನಿಮಗೆ ಮುಜುಗರ ಆಗೋದು ನನಗೂ ಇಷ್ಟ ಇಲ್ಲ. ಡಾಕ್ಟರದ್ದೊಂದು ಚೀಟಿ ಇದ್ರೆ ಕೊಟ್ಟುಬಿಡಿ. ನನ್ನ ಸಮಾಧಾನಕ್ಕೆ ಅಷ್ಟೇ. ಇಲ್ಲಿಗೇ ಮುಗಿಸಿಬಿಡೋಣ."

ಮಗಳು ಲಕೋಟೆಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಮುಂದೆ ತಳ್ಳತೊಡಗಿದಳು. ಅವಳು ಅದರ ಮೇಲೆ ಕೈಯಿಟ್ಟಳು. ಕೆಳಗೆ ಮಗಳ ಬೆರಳು, ಮೇಲೆ ಅವಳದು. ಒಂದು ಕ್ಷಣ ತಾಯಿ ಮಗಳು ಎಲ್ಲರ ಎದುರು ಆ ಲಕೋಟೆಗಾಗಿ ಜಗ್ಗಾಡಿದರು. ಆಮೇಲೆ ಮಗಳು ಬಿಟ್ಟಳು.

"ಇವರೆಲ್ಲ ಕೊಟ್ಟಿದ್ದಾರಾ ಸಾರ್?"

"ಏನನ್ನ?"

"ಬುದ್ಧಿ ನೆಟ್ಟಗಿದೆ ಅನ್ನೋದಕ್ಕೆ ಚೀಟಿ. ಈ ಮೇಜಿನ ಸುತ್ತ ಕೂತವರಲ್ಲಿ ಯಾರಾದ್ರೂ ಕೊಟ್ಟಿದ್ದಾರಾ? ಎಲ್ಲರದ್ದೂ ಇಸ್ಕೊಳ್ಳಿ, ನಂದೂ ಕೊಡ್ತೀನಿ. ತಾರೀಖೂ ಅಷ್ಟೇ. ಆ ತುದಿಯಿಂದ ಕೇಳ್ತಾ ಬನ್ನಿ, ನನ್ನ ಸರದಿ ಬಂದಾಗ ಹೇಳ್ತೀನಿ."

"ಅವರ ವಿಷಯದಲ್ಲಿ ಯಾರೂ ಅನುಮಾನ ಪಟ್ಟಿಲ್ಲವಲ್ಲಾ ಮೇಡಂ" ಎಂದ ಎದುರು ವಕೀಲ.

"ನಾನು ಪಡ್ತಿದ್ದೀನಿ. ಜನ ಇರೋ ಮನೆ ಮೇಲೆ ರಸ್ತೆ ಎಳೀತೀನಿ ಅನ್ನೋರನ್ನ ನೋಡಿ ನನಗೆ ತುಂಬಾ ಅನುಮಾನ ಇದೆ."

ಹಾಲಿ ಸದಸ್ಯ ತನಗೇ ಅರಿವಿಲ್ಲದೆ ಗೋಡೆಯ ಕ್ಯಾಲೆಂಡರಿನ ಕಡೆ ಕತ್ತು ತಿರುಗಿಸಿದ. ಅದನ್ನು ನೋಡಿ ಮತ್ತೊಬ್ಬ ಅಭ್ಯರ್ಥಿ ಗೊಳ್ಳೆಂದು ನಕ್ಕುಬಿಟ್ಟ. ಅಧಿಕಾರಿಯ ಮೃದು ಮೋರೆ ಕೆಂಪಾಯಿತು. ಊಟದ ನಂತರ ಆದೇಶ ಹೇಳುತ್ತೇನೆಂದು ಎದ್ದ.

ಕಾರಿಡಾರಿಗೆ ಬಂದೊಡನೆ ಮಗಳು ಮುಂದಾಗಿ ನಡೆದಳು. ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಕೆಳಗೆ ಅಂಗಳದಲ್ಲಿ ಚಾಲಕರು ಜೀಪುಗಳ ನೆರಳಿನಲ್ಲಿ ಕೂತು ಟೀ ಕುಡಿಯುತ್ತಿದ್ದರು.

"ನಿನಗೇನು, ಹೇಳಿಬಿಟ್ಟೆ" ಎಂದಳು ಮಗಳು, ಕಿಟಕಿಗೆ ಹೇಳುವಂತೆ. "ಊರೆಲ್ಲ ಸಂಜೆಯೊಳಗೆ ಮಾತಾಡತ್ತೆ. ಬಚ್ಚಲುಮನೆ ಚಿಲಕ ಅಂತ. ನನ್ನ ಆಫೀಸಿನಲ್ಲೂ. ಒಂದು ಕಾಗದ ಕೊಟ್ಟಿದ್ರೆ ಮರ್ಯಾದೆಯಾಗಿ ಮುಗೀತಿತ್ತು. ಊಟದಿಂದ ಎಬ್ಬಿಸಿ ಬರೆಸಿದ್ದೀನಿ ಕಣಮ್ಮ."

"ಗೊತ್ತು."

"ಗೊತ್ತಿದ್ದೂ?"

ಅವಳಿಗೆ ಹೇಳಬೇಕಾದ್ದು ಬಹಳವಿತ್ತು. ಆಸ್ಪತ್ರೆಯಿಂದ ಹೊರಟಾಗ ಇಂಥದೇ ಒಂದು ಕಾಗದ ಕೊಟ್ಟಿದ್ದರು, ಅದನ್ನು ಹಿಡಿದುಕೊಂಡು ಅಂಗಡಿ ಮತ್ತೆ ತೆರೆಯಲು ಹೋದಳು, ಬಾಡಿಗೆ ಮನೆಗೆ ಹೋದಳು, ಮಗಳ ಶಾಲೆಗೆ ಹೋದಳು. ಓದುವ ಮುಂಚೆ ಸಾಮಾನ್ಯವಾಗಿದ್ದವರೆಲ್ಲ ಕಾಗದ ಓದಿದ ಮೇಲೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ್ದರು. ಬುದ್ಧಿ ಸರಿಯಿದೆಯೆಂಬ ಕಾಗದ ಇರುವುದು ಒಮ್ಮೆ ಇಲ್ಲವೆನಿಸಿಕೊಂಡವರ ಹತ್ತಿರ ಮಾತ್ರ. ಇದನ್ನು ಹೇಗೋ ಮಗಳಿಗೆ ಹೇಳಿದಳು, ತಡವರಿಸುತ್ತ, ಅರ್ಧರ್ಧ. ಆಮೇಲೆ, ತಾನು ಹೇಳಹೊರಟದ್ದು ಇದಲ್ಲವೆನ್ನಿಸಿ, ಕೇಳಿದಳು:

"ಶಾಲೇಲಿ ನಿನ್ನ ಏನಂತ ಕರೀತಿದ್ರು?"

ಮಗಳು ತಿರುಗಿ ನೋಡಿದಳು. ಕಿವಿಯ ಹಿಂದಿನ ನರ ಎದ್ದಿತ್ತು.

"ಹುಚ್ಚಮ್ಮನ ಮಗಳು" ಎಂದಳು. "ಒಬ್ಬಳಿಗೆ ಹೊಡೆದಿದ್ದೆ. ಕಂಪಾಸ್ ಪೆಟ್ಟಿಗೇಲಿ. ಹುಬ್ಬು ಒಡೆದಿತ್ತು."

"ನನಗೆ ಹೇಳಲೇ ಇಲ್ಲ."

"ನೀನು ಆವಾಗ ತಾನೇ ವಾಪಸ್ ಬಂದಿದ್ದೆ. ನಿನ್ನ ಎದುರು ಗಟ್ಟಿಯಾಗಿ ಬಾಗಿಲು ಹಾಕೋಕೂ ಹೆದರ್ತಿದ್ವಿ ನಾವು."

ಅವಳಿಗೆ ಮಗಳನ್ನು ಮುಟ್ಟಬೇಕೆನ್ನಿಸಿತು. ಮುಟ್ಟಿದರೆ ಇಬ್ಬರೂ ಇಲ್ಲೇ ಅತ್ತುಬಿಡುತ್ತೇವೆನ್ನಿಸಿ ಸುಮ್ಮನಾದಳು. ಮಗಳು ಮೂಗು ಏರಿಸಿಕೊಂಡು, ಲಕೋಟೆಯನ್ನು ಎರಡು ಮಡಿಕೆ ಮಾಡಿ ತನ್ನ ಕೈಚೀಲದ ತಳಕ್ಕೆ ತುರುಕಿದಳು. "ಸರಿ, ಬಾ. ಟೀ ಕುಡಿಯೋಣ. ಸೋಲೋದಿದ್ರೆ ಹೊಟ್ಟೆ ಹಸ್ಕೊಂಡು ಸೋಲೋದು ಬೇಡ."

ಊಟದ ನಂತರ ಅಧಿಕಾರಿ ತಲೆಯೆತ್ತದೆ ಓದಿದ. ಅಭ್ಯರ್ಥಿ ಚಿಕಿತ್ಸೆ ಪಡೆದದ್ದು ನಿಜ. ಆದರೆ ಸಕ್ಷಮ ನ್ಯಾಯಾಲಯದ ಘೋಷಣೆ ಯಾವುದೂ ಇಲ್ಲ. ಕುಟುಂಬದವರ ಅಭಿಪ್ರಾಯ ಘೋಷಣೆಯಾಗುವುದಿಲ್ಲ. ವೈದ್ಯಕೀಯ ಪತ್ರವನ್ನು ಕಾನೂನು ಯಾವ ಅಭ್ಯರ್ಥಿಯಿಂದಲೂ ಕೇಳುವುದಿಲ್ಲ. ಆಕ್ಷೇಪಣೆ ವಜಾ. ನಾಮಪತ್ರ ಸ್ವೀಕೃತ. ಅವಳ ವಕೀಲ ಕುರ್ಚಿಯಿಂದ ಅರ್ಧ ಎದ್ದು, ಎದ್ದದ್ದು ಯಾಕೆಂದು ಮರೆತು, ಮತ್ತೆ ಕೂತ. ಅಧಿಕಾರಿ ಕಡೆಗೆ ತಲೆಯೆತ್ತಿದ.

"ಕಾನೂನು ಏನು ಹೇಳತ್ತೋ ಅದನ್ನ ಮಾಡಿದ್ದೀನಿ ಮೇಡಂ. ಆದರೆ ನೀವು ನಡ್ಕೊಂಡ ರೀತಿ ನನಗೆ ಹಿಡಿಸಲಿಲ್ಲ."

"ನಿಮಗೆ ಹಿಡಿಸಬೇಕು ಅಂತ ಹೊರಗೆ ಗೋಡೆ ಮೇಲೆ ಬರೆದಿಲ್ಲ ಸಾರ್" ಎಂದಳು. ಅಂದ ಮೇಲೆ ಅವನ ಮೋರೆ ನೋಡಿ ಸ್ವಲ್ಪ ಕನಿಕರವಾಯಿತು. ಆದರೂ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಗೆಲ್ಲುತ್ತೇನೆಂದು ಅವಳೇನೂ ನಂಬಿರಲಿಲ್ಲ. ಮೆಟ್ಟಿಲು ಇಳಿಯುತ್ತ ಯಾರ ಮೇಲೋ ಕೂಗಾಡಬೇಕೆನ್ನಿಸುತ್ತಿತ್ತು. ಇನ್ನು ಮೇಲೆ ಬೀದಿಬೀದಿಯಲ್ಲಿ ಹೀಗೇ ನಿಲ್ಲಬೇಕು, ಜನ ಅವಳ ಮಾತು ಕೇಳುವ ಮೊದಲು ಅವಳ ಕಣ್ಣು ನೋಡುತ್ತಾರೆ, ಅಲ್ಲೇನಾದರೂ ಅಲುಗುತ್ತದೆಯೇ ಎಂದು. ನೋಡಲಿ. ಕಣ್ಣು ನೋಡುವ ಕೆಲಸ ಅವಳಿಗೂ ಬರುತ್ತದೆ.

ಕೆಳಗೆ ಬಾಗಿಲ ಹತ್ತಿರ ಅಣ್ಣ ಒಬ್ಬನೇ ನಿಂತಿದ್ದ. ಕರೆತಂದವರು ಅವನನ್ನು ಬಿಟ್ಟು ಕಾರು ಹತ್ತಿ ಹೋಗಿದ್ದರು. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಮಗಳು ಅವನನ್ನು ಕಂಡು ಮುಖ ತಿರುಗಿಸಿ ಮುಂದೆ ಹೋದಳು. ಅವಳು ಮಾತ್ರ ನಿಂತಳು.

"ನಿನ್ನ ಒಳ್ಳೇದಕ್ಕೇ ಕಣೇ ಕೂಸೇ" ಎಂದ. "ಚುನಾವಣೆ ಅಂದ್ರೆ ಹಗಲು ರಾತ್ರಿ ನಿದ್ದೆ ಇರಲ್ಲ. ಬಾಯಿಗೆ ಬಂದ ಹಾಗೆ ಅಂತಾರೆ. ಮತ್ತೆ ನಿನಗೇನಾದ್ರೂ ಆದ್ರೆ... ಇನ್ನೊಂದು ಸಲ ನನ್ನ ಕೈಲಾಗಲ್ಲ. ಆ ಟ್ಯಾಕ್ಸಿ, ಆ ದಾರಿ. ನನಗೂ ವಯಸ್ಸಾಯ್ತು."

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅವಳಿಗೆ ಸಿಟ್ಟು ಬಂದದ್ದು. ಇಷ್ಟು ವರ್ಷ ಅವನ ಈ ಕಾಳಜಿಯ ಎದುರು ಅವಳು ದನಿ ತಗ್ಗಿಸಿ ಮಾತಾಡಿದ್ದಳು, ಮಿತವಾಗಿ ನಕ್ಕಿದ್ದಳು, ಅತ್ತರೆ ಅವನಿಗೆ ಗೊತ್ತಾಗದಂತೆ ಅತ್ತಿದ್ದಳು. ಬೈಯಲು ಬಾಯಿ ತೆರೆದಳು. ಬಂದದ್ದು ಬೇರೆ ಮಾತು. ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡು, ಅಪರಿಚಿತರ ಮನೆ ಬಾಗಿಲಲ್ಲಿ ನಿಂತವಳಂತೆ ಹೇಳಿದಳು:

"ನಮಸ್ಕಾರ. ನಾನು ಈ ಸಲ ಶಾಸನಸಭೆಗೆ ನಿಂತಿದ್ದೀನಿ. ನಿಮ್ಮ ವೋಟು ನನಗೆ ಕೊಡಬೇಕು."

ಅಣ್ಣ ಅವಳನ್ನೇ ನೋಡಿದ. ಹುಟ್ಟಿದಾಗಿನಿಂದ ಅವಳು ಅವನನ್ನು ನೀವು ಎಂದಿರಲಿಲ್ಲ.

"ಏನೇ ಇದು, ನನ್ನ ಹತ್ರ ಹೀಗೆ..."

"ಕೊಡಲೇಬೇಕು ಅಂತಿಲ್ಲ. ಯೋಚನೆ ಮಾಡಿ ಕೊಡಿ. ನನಗೆ ಕೇಳೋ ಹಕ್ಕಿದೆ, ಕೇಳಿದ್ದೀನಿ."

ಅವನ ಕೈ ಅವಳ ಮಣಿಕಟ್ಟಿನತ್ತ ಬಂತು, ಅರ್ಧದಲ್ಲಿ ನಿಂತಿತು. ಎಲ್ಲಿಡಬೇಕೆಂದು ತೋಚದೆ ಅದನ್ನು ಜೇಬಿಗೆ ಹಾಕಿಕೊಂಡ. "ಊಟ ಮಾಡಿದ್ಯಾ?" ಎಂದ, ಬಹಳ ಸಣ್ಣ ದನಿಯಲ್ಲಿ. ಉತ್ತರ ಕೊಟ್ಟರೆ ಮತ್ತೆ ತಂಗಿಯಾಗಿಬಿಡುತ್ತೇನೆಂದು ಗೊತ್ತಿತ್ತು. ಆಗಬಹುದು, ಸಂಜೆ ಆಗಬಹುದು, ಅವನ ಮನೆಗೇ ಹೋಗಿ ಆಗಬಹುದು. ಈಗಲ್ಲ. ತಲೆಯಾಡಿಸಿ ಅವನನ್ನು ದಾಟಿ ಹೋದಳು.

ಗೇಟಿನ ಪಕ್ಕ ಸ್ಟೂಲಿನ ಮೇಲೆ ಕಾವಲುಗಾರ ಕೂತಿದ್ದ. ಮೇಲೆ ನಡೆದದ್ದೆಲ್ಲ ಆಗಲೇ ಅವನಿಗೆ ತಲುಪಿತ್ತೆನ್ನುವುದು ಅವನು ಅವಳನ್ನು ನೋಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮಗಳು ರಸ್ತೆಯಿಂದ ಬಾ ಬೇಗ ಎಂದು ಕೈ ಬೀಸಿದಳು. ಅವಳು ಇರು ಎಂದು ಕೈ ತೋರಿಸಿ, ಕಾವಲುಗಾರನ ಕಡೆ ತಿರುಗಿದಳು. ಅವನಿಗೂ ಒಂದು ವೋಟಿತ್ತು.